ಐದನೇ ಕೋಣೆಯ ಬಾಗಿಲು

ನನ್ನ ಕೆಲಸ ತೂಗುವುದು. ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ಬಂದರೆ, ಟಿಕೋಟಾ ಇನ್ನೆರಡು ಕಿಲೋಮೀಟರ್ ಇದೆ ಅನ್ನುವಾಗ ಎಡಗಡೆ ನೀಲಿ ತಗಡಿನ ಒಂದು ದೊಡ್ಡ ಕಟ್ಟಡ ಕಾಣುತ್ತದೆ. ಅದು ಶಿವಶರಣಪ್ಪನವರ ಕೋಲ್ಡ್ ಸ್ಟೋರೇಜು. ಸುತ್ತಿನ ತೋಟದವರು ದ್ರಾಕ್ಷಿ ಒಣಗಿಸಿ ಮಣೂಕ ಮಾಡಿ, ಪೆಟ್ಟಿಗೆಗೆ ತುಂಬಿ, ಒಳ್ಳೆಯ ಪೇಟೆ ಬರುವ ತನಕ ನಮ್ಮಲ್ಲಿ ತಂದಿಡುತ್ತಾರೆ. ಗೇಟು ದಾಟಿದ ಕೂಡಲೇ ತೂಕದ ಕಟ್ಟೆ, ಕಟ್ಟೆಯ ಪಕ್ಕ ಒಂದು ಕಿಟಕಿ, ಕಿಟಕಿಯ ಹಿಂದೆ ನಾನು, ವಿಜಯಲಕ್ಷ್ಮೀ. ಹನ್ನೊಂದು ವರ್ಷದಿಂದ ಒಂದೇ ಕುರ್ಚಿ. ಕುರ್ಚಿಗೂ ನನಗೂ ಈಗ ಬೇರೆಬೇರೆ ತೂಕವಿಲ್ಲ.

ಗಾಡಿ ಒಳಗೆ ಬರುವುದಕ್ಕೆ ಬೇರೆ ದಾರಿಯಿಲ್ಲ. ಟ್ರ್ಯಾಕ್ಟರಾಗಲಿ, ಲಾರಿಯಾಗಲಿ, ಹಾಲಿನವನ ಸೈಕಲ್ಲಾಗಲಿ, ನನ್ನ ಕಟ್ಟೆಯ ಮೇಲೆಯೇ ಹಾಯಬೇಕು. ಹಾಗಾಗಿ ನಮ್ಮ ಮ್ಯಾನೇಜರು ಗೌತಮ ಅವರ ತೂಕವೂ ನನಗೆ ಗೊತ್ತು. ಅವರು, ಅವರ ಸ್ಕೂಟರು, ಊಟದ ಡಬ್ಬಿ, ಹದಿನಾಲ್ಕು ಕೀಲಿಗಳ ಗೊಂಚಲು ಎಲ್ಲ ಸೇರಿ ನೂರಾ ತೊಂಬತ್ತು ಕಿಲೋ. ಮೂರು ವರ್ಷ ಅದು ಕದಲಲಿಲ್ಲ. ಈ ವರ್ಷ ಮಾರ್ಚಿನಲ್ಲಿ ಮಾಲು ಬರಲು ಶುರುವಾದ ಮೇಲೆ ಒಂದು ಬೆಳಿಗ್ಗೆ ನೂರಾ ಎಂಬತ್ತು ತೋರಿಸಿತು. ಕಟ್ಟೆ ಕೆಟ್ಟಿದೆಯೆಂದು ನಾನು ಕಟ್ಟೆಯನ್ನೇ ಬೈದೆ. ಕೆಟ್ಟದ್ದು ಕಟ್ಟೆಯಲ್ಲ.

ಗೌತಮ ಸಾರವಾಡದವರು. ಅವರ ತಾಯಿ ತಿಪ್ಪವ್ವ ನಮ್ಮದೇ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ ಕುಕ್ಕರಗಾಲಲ್ಲಿ ಕೂತು ಮಣೂಕದ ಕಡ್ಡಿ ಆರಿಸಿದವಳು. ಆಗ ಕೂಲಿ ಹೆಂಗಸರು ಹಿಂದಿನ ಗೇಟಿನಿಂದ ಬರಬೇಕಿತ್ತು. ಆಫೀಸಿನ ಮುಂದೆ ಚಪ್ಪಲಿ ಹಾಕಿಕೊಂಡು ಹಾಯುವಂತಿರಲಿಲ್ಲ. ಅದೇ ತಿಪ್ಪವ್ವನ ಮಗ ಓದಿ, ಪರೀಕ್ಷೆ ಪಾಸಾಗಿ, ಸಾಂಗ್ಲಿಯಲ್ಲಿ ಆರು ವರ್ಷ ಕೆಲಸ ಕಲಿತು, ಅದೇ ಆಫೀಸಿನ ಕುರ್ಚಿಯಲ್ಲಿ ಬಂದು ಕೂತರು. ಅವತ್ತು ಶೆಡ್ಡಿನ ಹೆಂಗಸರು ಎಲೆ ಅಡಿಕೆ ಉಗುಳುವುದನ್ನೂ ಮರೆತು ನೋಡಿದ್ದರು. ನನಗಂತೂ ಕಣ್ಣು ತುಂಬಿತ್ತು, ಹೇಳಲು ನಾಚಿಕೆಯೇನಿಲ್ಲ.

ಆದರೆ ಆ ಮನುಷ್ಯ ಕುರ್ಚಿಯಲ್ಲಿ ಕೂತದ್ದು ಅವತ್ತು ಒಂದೇ ದಿನ. ಆಮೇಲೆ ಬರೀ ಓಡಾಟ. ನಾಲ್ಕು ಕೋಣೆಗಳ ಕೀಲಿ ಅವರ ಹತ್ತಿರ, ಮಷೀನು ಮನೆಯ ಕೀಲಿ ಅವರ ಹತ್ತಿರ, ಚಹಾಪುಡಿಯ ಕಪಾಟಿನ ಕೀಲಿಯೂ ಅವರ ಹತ್ತಿರವೇ. ಒಂದು ಪೆಟ್ಟಿಗೆ ಹೊರಗೆ ಬರಬೇಕಾದರೆ ಅವರೇ ಎಣಿಸಬೇಕು, ನಾವು ಎಣಿಸಿದ ಮೇಲೆ ಮತ್ತೆ ಎಣಿಸಬೇಕು. ನಮಗೆಲ್ಲ ಒಂದೇ ಅಪ್ಪಣೆ: "ರಜಿಸ್ಟರಿನ್ಯಾಗ ಇದ್ದದ್ದು ಇದ್ದಂಗ ಬರೀರಿ. ತಲಿ ಓಡಸಬ್ಯಾಡ್ರಿ." ಈ ಮಾತು ನೆನಪಿಡಿ, ಮುಂದೆ ಅದೇ ಅವರ ಕೊರಳಿಗೆ ಬಂತು.

ಇದರ ಮೇಲೆ ಮಾಲೀಕರ ಫೋನು. ಶಿವಶರಣಪ್ಪನವರು ವಿಜಯಪುರದ ಮನೆಯಲ್ಲಿರುತ್ತಾರೆ, ಆದರೆ ಅವರ ದನಿ ಇಲ್ಲಿರುತ್ತದೆ. "ಒಂದನೇ ಕೋಣಿ ಎಷ್ಟೈತಿ?" ಅಂತ ಒಂದು ಫೋನು. ಹತ್ತು ನಿಮಿಷಕ್ಕೆ "ಎರಡನೇದು?" ಅಂತ ಇನ್ನೊಂದು. ಒಂದು ದಿನ ಸಿಟ್ಟಿನಲ್ಲಿ ಕೂತು ಲೆಕ್ಕ ಹಿಡಿದೆ. ಸಂಜೆಯ ಹೊತ್ತಿಗೆ ನಲವತ್ಮೂರು ಫೋನು. ಗೌತಮ ಅವರ ಕ್ಯಾಬಿನ್ನಿನ ಬಾಗಿಲು ತೆಗೆದು ಒಳಗೆ ಹೋದ ಮಂದಿ ನೂರಾ ಹದಿನಾಲ್ಕು.

ಏಪ್ರಿಲ್ಲಿನ ಹೊತ್ತಿಗೆ ಗೌತಮ ಅವರಿಗೆ ದಿಕ್ಕು ತಪ್ಪತೊಡಗಿತು. ಒಂದು ದಿನ ನನ್ನ ಊಟದ ಡಬ್ಬಿಯ ಮುಚ್ಚಳದ ಮೇಲೆ ಸಹಿ ಮಾಡಿ ಮುದ್ರೆ ಒತ್ತಿದರು. ಇನ್ನೊಂದು ದಿನ ಬಬಲೇಶ್ವರದವರ ಪೆಟ್ಟಿಗೆಗಳನ್ನು ನಿಡೋಣಿಯವರ ಟ್ರ್ಯಾಕ್ಟರಿಗೆ ಏರಿಸಿದರು. ಪುಣ್ಯಕ್ಕೆ ತೂಕ ಹೊಂದಲಿಲ್ಲ, ನಾನು ಗೇಟಿನಲ್ಲಿ ಹಿಡಿದೆ. ಮೂರನೆಯದಂತೂ ಹೇಳಲೇಬೇಕು. ಎರಡನೇ ಕೋಣೆಯಲ್ಲಿ ಮಾಲು ನೋಡುತ್ತ ನೋಡುತ್ತ ತಮ್ಮ ಫೋನನ್ನೇ ಒಂದು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿ ಬಂದುಬಿಟ್ಟರು. ಒಳಗೆ ಆರು ಸಾವಿರ ಪೆಟ್ಟಿಗೆ. ಮಾಲೀಕರು ಫೋನು ಮಾಡಿದ್ದೇ ಮಾಡಿದ್ದು. ಎಂಟು ಜನ ಗಂಡಸರು ಸ್ವೆಟರು ಹಾಕಿಕೊಂಡು, ಪೆಟ್ಟಿಗೆಗಳಿಗೆ ಕಿವಿ ಹಚ್ಚಿ, ಆ ಚಳಿಯಲ್ಲಿ ಶಿವಶರಣಪ್ಪನವರನ್ನು ಹುಡುಕಿದರು. ಮಷೀನು ನೋಡಿಕೊಳ್ಳುವ ರಾಯಪ್ಪ ಕೊನೆಗೆ ಫೋನು ಸಿಕ್ಕಾಗ, "ಸಾಹೇಬ್ರ, ಧಣ್ಯಾರು ಮಣೂಕದಾಗ ಅದಾರ್ರಿ!" ಅಂತ ಕೂಗಿದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಗೌತಮ ನಗಲಿಲ್ಲ. ಗೋಡೆ ಹಿಡಿದುಕೊಂಡು ನಿಂತಿದ್ದರು, ತಲೆ ತಿರುಗುತ್ತಿತ್ತು.

ರಾಯಪ್ಪ ಅವರನ್ನು ಟಿಕೋಟಾದ ಡಾಕ್ಟರ್ ಅಜಿತ ಅವರ ದವಾಖಾನೆಗೆ ಕರೆದುಕೊಂಡು ಹೋದ. ಬಿಪಿ ನೂರಾ ಎಪ್ಪತ್ತು. ಡಾಕ್ಟರು ಗುಳಿಗೆ ಕೊಟ್ಟರು, ತೋಳಿಗೆ ಕಟ್ಟುವ ಒಂದು ಸಣ್ಣ ಮಷೀನು ಕೊಟ್ಟರು, ಕೊನೆಗೆ ಕಡ್ಡಿ ಮುರಿದಂತೆ ಹೇಳಿದರು: "ದಿನಾ ಮೂರು ಸಲ ನೋಡಿ ಬರದ ಇಡ್ರಿ. ಮುಂದಿನ ಶನಿವಾರ ನಾ ನೋಡತೀನಿ. ಮ್ಯಾಲಿನ ನಂಬರ ನೂರಾ ಐವತ್ತರ ಕೆಳಗ ಬರಲಿಲ್ಲಂದ್ರ ಮೂರು ತಿಂಗಳು ರಜಾ ಬರೀತೀನಿ. ಶಿವಶರಣಪ್ಪಗ ನಾನ ಹೇಳತೀನಿ, ಬ್ಯಾರೆ ಮನಷ್ಯಾನ್ನ ನೋಡಕೋ ಅಂತ."

ರಾಯಪ್ಪ ಬಂದು ಇದನ್ನು ನನಗೊಬ್ಬಳಿಗೇ ಹೇಳಿದ. ಸುಗ್ಗಿಯಲ್ಲಿ ಮೂರು ತಿಂಗಳು ರಜೆ ಅಂದರೆ ಕುರ್ಚಿ ಹೋಯಿತೆಂದೇ ಲೆಕ್ಕ. ಗೌತಮ ಮನೆಯಲ್ಲಿ ಹೇಳಲಿಲ್ಲ. ಹೆಂಡತಿ ಸುಮಂಗಲಾಗೆ ಗೊತ್ತಾದರೆ ಸಾರವಾಡಕ್ಕೆ ಗೊತ್ತಾಗುತ್ತದೆ, ಸಾರವಾಡಕ್ಕೆ ಗೊತ್ತಾದರೆ ತಾಯಿಗೆ ಗೊತ್ತಾಗುತ್ತದೆ. ಬಿಪಿಯನ್ನು ಬರೆದಿಡಲು ಬೇರೆ ಪುಸ್ತಕ ಮಾಡಿದರೆ ಯಾರಾದರೂ ನೋಡಿಯಾರೆಂದು, ಸದಾ ಕೈಯಲ್ಲಿರುವ ತಾಪಮಾನದ ರಜಿಸ್ಟರಿನಲ್ಲೇ ಬರೆಯತೊಡಗಿದರು. ಆ ರಜಿಸ್ಟರಿನಲ್ಲಿ ಕೋಣೆಗೊಂದರಂತೆ ಆರು ಕಾಲಂಗಳಿವೆ. ಕೋಣೆಗಳು ನಾಲ್ಕೇ. ಇನ್ನೆರಡು ಕೋಣೆ ಕಟ್ಟಿಸುತ್ತೇನೆಂದು ಶಿವಶರಣಪ್ಪನವರು ಆರು ವರ್ಷದಿಂದ ಹೇಳುತ್ತಲೇ ಇದ್ದಾರೆ, ರಜಿಸ್ಟರು ಮಾತ್ರ ಮುಂಚಿತವಾಗಿ ಅಚ್ಚು ಹಾಕಿಸಿಬಿಟ್ಟಿದ್ದಾರೆ. ಐದನೆಯ ಕಾಲಂ ಖಾಲಿ ಇತ್ತು. ಗೌತಮ ಅಲ್ಲಿ ಬರೆದರು: 168.

ಈಗ ರಾಯಪ್ಪನ ಕೆಲಸ ಹೇಳಬೇಕು. ಪ್ರತಿದಿನ ಬೆಳಿಗ್ಗೆ ಒಂಬತ್ತಕ್ಕೆ ರಜಿಸ್ಟರು ನೋಡಿ, ಗೇಟಿನ ಕರಿ ಹಲಗೆಯ ಮೇಲೆ ಯಾವ ಕೋಣೆ ಎಷ್ಟು ಡಿಗ್ರಿ ಅಂತ ಸುಣ್ಣದ ಕಡ್ಡಿಯಿಂದ ಬರೆಯುವುದು. ಮಾಲು ಇಟ್ಟವರು ಅದನ್ನು ನೋಡಿ ಸಮಾಧಾನಪಟ್ಟು ಹೋಗುತ್ತಾರೆ. ಹದಿನಾಲ್ಕು ವರ್ಷದಿಂದ ಅವನು ಬರೆಯುತ್ತಿದ್ದಾನೆ. ಅವತ್ತೂ ಬರೆದ. ಒಂದನೇ ಕೋಣೆ 4.2, ಎರಡನೆಯದು 4.0, ಮೂರನೆಯದು 4.5, ನಾಲ್ಕನೆಯದು 4.1. ಐದನೇ ಕೋಣೆ 168.

ಐದನೇ ಕೋಣೆಯೇ ಇಲ್ಲವೆಂದು ಆ ಪುಣ್ಯಾತ್ಮನಿಗೆ ಗೊತ್ತು. ಆಮೇಲೆ ನಾನು ಜಾಡಿಸಿ ಕೇಳಿದ್ದಕ್ಕೆ, "ರಜಿಸ್ಟರಿನ್ಯಾಗಿತ್ತು, ಹಚ್ಚೀನಿ. ತಲಿ ಓಡಸಬ್ಯಾಡಂತ ಸಾಹೇಬ್ರ ಹೇಳ್ಯಾರ," ಅಂದ. ನಾನೂ ಅಂದು ಹಲಗೆಯ ಕಡೆ ನೋಡಿರಲಿಲ್ಲ, ಎರಡು ಲಾರಿ ಕಟ್ಟೆಯ ಮೇಲೆ ನಿಂತಿದ್ದವು.

ನೋಡಿದವರು ಬಸಗೊಂಡಪ್ಪ. ನಿಡೋಣಿಯ ಬಸಗೊಂಡಪ್ಪ ಅಂದರೆ ದೊಡ್ಡ ತೋಟ, ದೊಡ್ಡ ಮೀಸೆ, ಅದಕ್ಕೂ ದೊಡ್ಡ ದನಿ. ಅವರ ಆರುನೂರು ಪೆಟ್ಟಿಗೆ ನಮ್ಮಲ್ಲಿವೆ. ಮಂಗಳವಾರ ಬಂದವರು ಹಲಗೆ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು, ಏನೂ ಮಾತಾಡದೆ ಗಾಡಿ ತಿರುಗಿಸಿಕೊಂಡು ಹೋದರು. ಅವರು ಮಾತಾಡದೆ ಹೋದದ್ದು ನೋಡಿಯಾದರೂ ನನಗೆ ಗುಮಾನಿ ಬರಬೇಕಿತ್ತು. ಬುಧವಾರ ಬೆಳಿಗ್ಗೆ ಹಲಗೆಯ ಮೇಲೆ ಐದನೇ ಕೋಣೆ 172 ಆಯಿತು. ಹನ್ನೊಂದು ಗಂಟೆಗೆ ನಿಡೋಣಿ, ಬಬಲೇಶ್ವರ, ಸಾರವಾಡ, ಟಿಕೋಟಾದ ಹತ್ತೊಂಬತ್ತು ಟ್ರ್ಯಾಕ್ಟರುಗಳು ನಮ್ಮ ಗೇಟಿನಿಂದ ಅಥಣಿ ರಸ್ತೆಯ ತನಕ ಸಾಲುಗಟ್ಟಿದ್ದವು. ನಡುವೆ ಸಿಕ್ಕಿಕೊಂಡ ಬಸ್ಸಿನವರು ಇಳಿದು ಬಂದು, ಏನಾಗಿದೆಯೆಂದು ಕೇಳಿ, ಗೊತ್ತಾದ ಮೇಲೆ ವಾಪಸು ಹತ್ತದೆ ಅಲ್ಲೇ ನಿಂತರು.

"ನೂರಾ ಎಪ್ಪತ್ತೆರಡ ಡಿಗ್ರಿ!" ಬಸಗೊಂಡಪ್ಪ ಟ್ರೇಲರಿನ ಮೇಲೆ ನಿಂತು ಕೂಗಿದರು. "ಮಣೂಕ ಬಿಡ್ರಿ, ಇಟ್ಟಂಗಿನೂ ಕರಗತಾವ! ಯಾರ ಮಾಲ ಇಟ್ಟೀರಿ ಅದರಾಗ?"

ಯಾರ ಮಾಲೂ ಇರಲಿಲ್ಲ. ಅದಕ್ಕೇ ಎಲ್ಲರೂ ತಮ್ಮದೇ ಇರಬೇಕೆಂದುಕೊಂಡರು. ಟಿಕೋಟಾದ ರಿಜ್ವಾನ ತನ್ನ ಪೆಟ್ಟಿಗೆಗಳನ್ನು ಎಡಗಡೆಯ ಮೂಲೆಯಲ್ಲಿ ಇಟ್ಟದ್ದನ್ನು ನೆನಪಿಸಿಕೊಂಡು, ಐದನೇ ಕೋಣೆ ಎಡಗಡೆಯೇ ಇರಬೇಕೆಂದು ಅಳು ದನಿಯಲ್ಲಿ ಹೇಳಿದ. ಸುಟ್ಟ ವಾಸನೆ ಬರುತ್ತಿದೆಯೆಂದು ಒಬ್ಬ ಅಂದ. ಹೌದು ಹೌದು ಅಂತ ಇಪ್ಪತ್ತು ಜನ ಮೂಗು ಏರಿಸಿದರು. ಶೆಡ್ಡಿನ ಹೆಂಗಸರು ಚಹಾ ಉಕ್ಕಿಸಿದ್ದರು, ಅಷ್ಟೇ.

ಗದ್ದಲ ಕೇಳಿ ಗೌತಮ ಓಡಿ ಬಂದರು. ಏನೇನು ಅಂತ ಕೇಳುತ್ತ ಹಲಗೆಯ ಮುಂದೆ ಬಂದು ನಿಂತರು. ನೋಡಿದರು. ನಾನು ಕಿಟಕಿಯಿಂದ ಅವರ ಮುಖ ನೋಡಿದೆ, ಅವರ ಕೈ ಜೇಬಿನ ಕೀಲಿಗೊಂಚಲನ್ನು ಹಿಡಿದದ್ದನ್ನೂ ನೋಡಿದೆ. ಬಸಗೊಂಡಪ್ಪ ಟ್ರೇಲರಿನಿಂದ ಇಳಿದು ಎದುರಿಗೆ ಬಂದರು.

"ತಗೀರಿ ಕೀಲಿ. ಐದನೇ ಕೋಣಿ ತೋರಸ್ರಿ."

ಗೌತಮ ಕೀಲಿಗೊಂಚಲು ಹೊರಗೆ ತೆಗೆದು, ಇಲ್ಲದ ಕೀಲಿಯನ್ನು ಹುಡುಕತೊಡಗಿದರು. ಅವರ ಹಣೆಯ ಮೇಲೆ ಬೆವರು ಹರಿಯಿತು. ಆ ಅಂಕಿ ಏನೆಂದು ನನಗೆ ಆಗ ಹೊಳೆಯಿತು, ಎಲ್ಲಿತ್ತೋ ಸಿಟ್ಟು. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೂಗಿದೆ, "ಐದನೇ ಕೋಣಿ ನಿಮ್ಮ ಮುಂದ ನಿಂತೈತಿ! ಅದು ಡಿಗ್ರಿ ಅಲ್ಲ, ಸಾಹೇಬ್ರ ಬಿಪಿ! ಹಿಂಗ ಒದರಿದ್ರ ಇನ್ನೂರ ಆಗತೈತಿ, ನೋಡ್ಕೊಂಡ ನಿಲ್ರಿ!"

ಮೊದಲು ರಿಜ್ವಾನ ನಕ್ಕ. ಅವನ ಹಿಂದಿನವನು ನಕ್ಕ. ನಗೆ ಸಾಲು ಹಿಡಿದು ರಸ್ತೆಯ ತನಕ ಹೋಯಿತು, ಏನೆಂದು ಗೊತ್ತಿಲ್ಲದ ಬಸ್ಸಿನವರೂ ನಕ್ಕರು. ಗೌತಮ ನೆಲ ನೋಡುತ್ತ ನಿಂತಿದ್ದರು. ಶನಿವಾರದ ಮಾತು, ರಜೆಯ ಮಾತು, ಎಲ್ಲವನ್ನೂ ನಾನು ಅದೇ ಕಿಟಕಿಯಿಂದ ಹೇಳಿಬಿಟ್ಟೆ. ತಪ್ಪೋ ಸರಿಯೋ ಯೋಚಿಸಲಿಲ್ಲ.

ನಗದೆ ಇದ್ದವರು ಬಸಗೊಂಡಪ್ಪ ಒಬ್ಬರೇ. ಅವರೂ ಬಿಪಿ ಗುಳಿಗೆ ನುಂಗುವವರು. ಗೌತಮ ಅವರ ಹಣೆಗೆ ಕೈ ಹಚ್ಚಿ, ಮಷೀನು ನೋಡುವ ಮಿಸ್ತ್ರಿಯ ಗತ್ತಿನಲ್ಲಿ ಕೇಳಿದರು, "ನಿಮ್ಮ ಬಾಗಲಾ ದಿನಕ್ಕ ಎಷ್ಟ ಸಲ ತಗೀತಾರ್ರಿ?"

ನಮ್ಮ ಪ್ರತಿ ಕೋಣೆಯ ಬಾಗಿಲ ಮೇಲೂ ಕೆಂಪು ಬಣ್ಣದಲ್ಲಿ ಒಂದು ನಿಯಮ ಬರೆದಿದೆ: ದಿನಕ್ಕೆ ಎರಡೇ ಸಲ ಬಾಗಿಲು ತೆಗೆಯಬೇಕು, ಹತ್ತು ಹತ್ತು ನಿಮಿಷ. ಅದಕ್ಕಿಂತ ಹೆಚ್ಚಾದರೆ ಹೊರಗಿನ ಬಿಸಿ ಒಳಗೆ ಹೋಗಿ ಮಾಲು ಹಾಳು. ಮಾಲು ಇಡುವವರಿಗೆ ಅದು ಬಾಯಿಪಾಠ. ಬಸಗೊಂಡಪ್ಪ ಕೇಳಿದ್ದು ಆ ಲೆಕ್ಕದಲ್ಲಿ.

"ನೂರಾ ಹದಿನಾಕ ಸಲ," ನಾನು ಕಿಟಕಿಯಿಂದ ಹೇಳಿದೆ. "ಮ್ಯಾಲ ನಲವತ್ತಮೂರ ಫೋನು."

"ಯಪ್ಪಾ!" ಅಂದರು ಬಸಗೊಂಡಪ್ಪ. ಹತ್ತೊಂಬತ್ತು ಟ್ರ್ಯಾಕ್ಟರಿನವರೂ ಅಂದರು. ಯಾವ ಕೋಣೆಯಾದರೂ ಅಷ್ಟು ಸಲ ತೆರೆದರೆ ಉಳಿಯುವುದಿಲ್ಲವೆಂದು ಅವರಿಗೆ ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ.

ಅರ್ಧ ಗಂಟೆಯಲ್ಲಿ ಕ್ಯಾಬಿನ್ನಿನ ಬಾಗಿಲ ಮೇಲೆ ರಾಯಪ್ಪ ಕೆಂಪು ಬಣ್ಣದಲ್ಲಿ ಬರೆದ: ದಿನಕ್ಕೆ ಎರಡೇ ಸಲ, ಹತ್ತಕ್ಕೆ ಮತ್ತು ನಾಲ್ಕಕ್ಕೆ. ಬಾಗಿಲ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಬಸಗೊಂಡಪ್ಪ ಖುದ್ದು ಕೂತರು. ಗೌತಮ ಅವರ ಫೋನು ನನ್ನ ಕಿಟಕಿಗೆ ಬಂತು. ಮಾಲೀಕರು ಮಾಡಿದಾಗಲೆಲ್ಲ ನಾನು ನಾಲ್ಕೂ ಕೋಣೆಯ ಡಿಗ್ರಿ ಒಂದೇ ಉಸಿರಿನಲ್ಲಿ ಹೇಳಿ ಇಡುತ್ತಿದ್ದೆ. ನನಗೆ ಯಾವತ್ತೂ ಅಷ್ಟು ಖುಷಿಯಾಗಿರಲಿಲ್ಲ.

ಆದರೆ ಕೀಲಿಗೊಂಚಲು ಮಾತ್ರ ಗೌತಮ ಬಿಡಲಿಲ್ಲ. "ಕೀಲಿ ಬ್ಯಾಡ್ರಿ. ಕೀಲಿ ಒಂದ ನನ್ನ ಕಡೆ ಇರಲಿ," ಅಂತ ಕೈ ಮುಗಿದರು. ಗುರುವಾರ ಮಧ್ಯಾಹ್ನ ಅವರು ಕ್ಯಾಬಿನ್ನಿನ ಹಿಂದಿನ ಕಿಟಕಿಯಿಂದ ಇಳಿದು, ಬಗ್ಗಿ ಬಗ್ಗಿ, ಎರಡನೇ ಕೋಣೆಯ ಬೀಗ ಜಗ್ಗಿ ನೋಡಿ ವಾಪಸು ಕಿಟಕಿ ಹತ್ತುವಾಗ ಶೆಡ್ಡಿನ ಲಕ್ಕವ್ವನ ಕೈಗೆ ಸಿಕ್ಕಿಬಿದ್ದರು. ಅವಳು ಮೂವತ್ತು ವರ್ಷದಿಂದ ಕಡ್ಡಿ ಆರಿಸುವವಳು, ಕಣ್ಣಿಗೆ ಏನೂ ತಪ್ಪುವುದಿಲ್ಲ. "ಕೋಣಿ ಓಡಾಡಾಕತ್ತೈತಿ ಬೇ!" ಅಂತ ಕೂಗಿಕೊಂಡಳು. ಬಸಗೊಂಡಪ್ಪ ಹೋಗಿ ಕಿಟಕಿಗೂ ಕುರ್ಚಿ ಹಾಕಿದರು. ಅವತ್ತು ಹಲಗೆಯ ಮೇಲೆ 164.

ಶುಕ್ರವಾರ ಮಾಲೀಕರೇ ಬಂದರು. ಕಾರು ನನ್ನ ಕಟ್ಟೆಯ ಮೇಲೆ ನಿಂತಿತು. ಶಿವಶರಣಪ್ಪನವರು ಗಾಜು ಇಳಿಸಿ, "ನನ್ನ ಮ್ಯಾನೇಜರ್ ಫೋನು ನೀ ಯಾಕ ಎತ್ತಾಕತ್ತೀ?" ಅಂತ ಗುಡುಗಿದರು. ಉತ್ತರಕ್ಕೆ ಕಾಯದೆ ಕ್ಯಾಬಿನ್ನಿಗೆ ನುಗ್ಗಿದರು, ಹಿಂದೆಯೇ ನಾನೂ ಓಡಿದೆ. ಬಾಗಿಲಲ್ಲಿ ಬಸಗೊಂಡಪ್ಪ ಎದ್ದು ನಿಂತರು.

"ನಾಕ ಗಂಟೇಕ್ಕ ತಗೀತೈತ್ರಿ."

"ನನ್ನ ಕಟ್ಟಡ ಇದು!"

"ಮಾಲು ನಮ್ದು."

ಶಿವಶರಣಪ್ಪನವರ ಮುಖ ಕೆಂಪಾಗಿ, ಕಿವಿ ಕೆಂಪಾಗಿ, ಕುತ್ತಿಗೆಯ ನರ ಎದ್ದು ನಿಂತಿತ್ತು. ಬಸಗೊಂಡಪ್ಪ ಅವರನ್ನು ಮೇಲಿಂದ ಕೆಳಗೆ ನೋಡಿದರು. "ನಿಮ್ಮ ಬಾಗಲಾ ಯಾವಾಗರೆ ಹಾಕಿದ್ದೈತೇನ್ರಿ?" ಅಂತ ಕೇಳಿ, ತೋಳು ಹಿಡಿದು ತಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲೇ ಕೂಡಿಸಿದರು. ರಾಯಪ್ಪ ಬಿಪಿ ಮಷೀನು ತಂದು ಧಣಿಯ ತೋಳಿಗೆ ಕಟ್ಟಿಯೇಬಿಟ್ಟ. ಮಷೀನು ಗುರ್ ಅಂದಿತು. ಎಲ್ಲರೂ ಬಗ್ಗಿ ನೋಡಿದೆವು. 188.

ರಾಯಪ್ಪ ಸುಣ್ಣದ ಕಡ್ಡಿ ತೆಗೆದುಕೊಂಡು ಹಲಗೆಯ ಹತ್ತಿರ ಹೋಗಿ, ಐದನೆಯದರ ಕೆಳಗೆ ಆರನೇ ಕೋಣೆ 188 ಅಂತ ಬರೆದ. ಶಿವಶರಣಪ್ಪನವರು ತಮ್ಮ ಅಂಕಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಸಣ್ಣ ದನಿಯಲ್ಲಿ, "ನಾಕ ಕೋಣಿ ಮಾಲು ಮಂದೀದು. ಒಂದ ಕೋಣಿ ಹ್ವಾದ್ರ ನಾ ಉಳೀತೀನೇನು? ಫೋನ ಮಾಡಲಿಲ್ಲಂದ್ರ ಎದಿ ಹೊಡಕೋತೈತವ್ವಾ," ಅಂದರು. ಅವರನ್ನು ಬಯ್ಯಬೇಕೆಂದು ತಯಾರಾಗಿ ನಿಂತಿದ್ದೆ, ಆಗಲಿಲ್ಲ.

ಶನಿವಾರ ಬಂತು. ಬೆಳಿಗ್ಗೆ ಐದನೇ ಕೋಣೆ 158. ಡಾಕ್ಟರ್ ಅಜಿತ ಹನ್ನೊಂದಕ್ಕೆ ತಾವೇ ಬಂದರು. ಅವರಿಗೂ ದ್ರಾಕ್ಷಿ ತೋಟವಿದೆ, ಒಂದನೇ ಕೋಣೆಯಲ್ಲಿ ಅವರದೂ ನೂರಾ ಇಪ್ಪತ್ತು ಪೆಟ್ಟಿಗೆ. ಹಲಗೆ ಓದಿ ಅವರು ನಗು ತಡೆಯಲಾರದೆ ಕರವಸ್ತ್ರ ಬಾಯಿಗೆ ಒತ್ತಿಕೊಂಡರು. ಅಷ್ಟರಲ್ಲಿ ಅಂಗಳದಲ್ಲಿ ನಿಡೋಣಿಯವರು, ಬಬಲೇಶ್ವರದವರು, ಬಸ್ಸಿನವರಲ್ಲಿ ಇಬ್ಬರು, ಎಲ್ಲ ಸೇರಿ ಅರವತ್ತು ಜನ. ಗೌತಮ ಅವರನ್ನು ನಡುವೆ ಕೂಡಿಸಿ ತೋಳಿಗೆ ಪಟ್ಟಿ ಕಟ್ಟಿದರು. ಅರವತ್ತು ಜನ ಉಸಿರು ಹಿಡಿದು ಒಬ್ಬ ಮನುಷ್ಯನ ತೋಳು ನೋಡಿದರೆ ಏನಾಗಬೇಕೋ ಅದೇ ಆಯಿತು. 166.

ಡಾಕ್ಟರ ನಗು ನಿಂತಿತು. ಜೇಬಿನಿಂದ ಪೆನ್ನು ತೆಗೆದರು. ಗೌತಮ ಪೆನ್ನನ್ನೇ ನೋಡುತ್ತಿದ್ದರು.

"ಸರೀರಿ, ದಾರಿ ಬಿಡ್ರಿ," ಅಂತ ಗುಂಪಿನ ಹಿಂದಿನಿಂದ ಒಂದು ದನಿ ಬಂತು. ತಿಪ್ಪವ್ವ. ಸಾರವಾಡದಿಂದ ವಿಜಯಪುರ, ವಿಜಯಪುರದಿಂದ ಇಲ್ಲಿಗೆ, ಎರಡು ಬಸ್ಸು ಹಿಡಿದು ಬಂದಿದ್ದಳು. ಐದನೇ ಕೋಣೆ ಸುಡುತ್ತಿದೆಯೆಂಬ ಸುದ್ದಿ ಅವಳ ಓಣಿಗೂ ಮುಟ್ಟಿತ್ತು. ಇಪ್ಪತ್ತೆರಡು ವರ್ಷ ಇಲ್ಲಿ ದುಡಿದವಳಿಗೆ ಇಲ್ಲಿರುವುದು ನಾಲ್ಕೇ ಬಾಗಿಲೆಂದು ಗೊತ್ತಿತ್ತು. ಏನೋ ಮುಚ್ಚಿಡುತ್ತಿದ್ದಾರೆಂದು ಹೊರಟು ಬಂದಿದ್ದಳು. ಬರುವಾಗ ಅಭ್ಯಾಸಬಲದಿಂದ ಹಿಂದಿನ ಗೇಟಿನಿಂದಲೇ ಬಂದಿದ್ದಳು, ಅದಕ್ಕೇ ನನ್ನ ಕಟ್ಟೆಗೆ ಗೊತ್ತಾಗಲಿಲ್ಲ.

ಅವಳು ಡಾಕ್ಟರ ಪೆನ್ನಿಗೆ ಕೈ ಅಡ್ಡ ಹಿಡಿದಳು. "ಹತ್ತ ಮಿನಿಟ ಕೊಡ್ರಿ, ಡಾಕ್ಟರ." ಮಗನ ರಟ್ಟೆ ಹಿಡಿದು ಎಬ್ಬಿಸಿ ಶೆಡ್ಡಿಗೆ ಕರೆದುಕೊಂಡು ಹೋದಳು. ನಾವು ಅರವತ್ತು ಜನವೂ ಹಿಂದೆ ಹೋಗಿ ಬಾಗಿಲಲ್ಲಿ ಗುಂಪಾದೆವು.

ಶೆಡ್ಡಿನಲ್ಲಿ ಮಣೂಕ ಆರಿಸುವುದು ಹೀಗೆ. ಐದು ಹೆಂಗಸರು ಸಾಲಾಗಿ ಕೂತಿರುತ್ತಾರೆ. ತಟ್ಟೆ ಮೊದಲನೆಯವಳ ಮುಂದೆ ಬರುತ್ತದೆ, ಕೈಗೆ ಸಿಕ್ಕ ಕಡ್ಡಿ ಕಲ್ಲು ತೆಗೆದು ಅವಳು ಮುಂದೆ ಸರಿಸುತ್ತಾಳೆ. ಹಾಗೆ ಐದನೆಯವಳ ತನಕ. ತಿಪ್ಪವ್ವ ಸಾಲಿನಲ್ಲಿ ತನ್ನ ಹಳೆಯ ಜಾಗದಲ್ಲಿ ಕೂತಳು, ಪಕ್ಕದಲ್ಲಿ ಮಗನನ್ನು ಕೂಡಿಸಿದಳು. ಇಸ್ತ್ರಿ ಪ್ಯಾಂಟಿನ ಮ್ಯಾನೇಜರು ಕುಕ್ಕರಗಾಲಲ್ಲಿ ಕೂತು ತಟ್ಟೆಗೆ ಕೈ ಹಾಕಿದರು. ಎರಡು ನಿಮಿಷ ಆರಿಸಿದರು, ಮೂರು ನಿಮಿಷ ಆರಿಸಿದರು, ತಟ್ಟೆ ಬಿಡಲೇ ಇಲ್ಲ. ಅವರ ಹಿಂದೆ ಎರಡು ತಟ್ಟೆ ಬಂದು ನಿಂತವು. ಮುಂದಿನ ಮೂವರು ಹೆಂಗಸರು ಕೈ ಕಟ್ಟಿಕೊಂಡು ಕೂತರು.

"ಬಿಡೋ ಅದನ್ನ," ಅಂದಳು ತಿಪ್ಪವ್ವ.

"ಇನ್ನೊಂದ ಕಡ್ಡಿ ಐತಿ ಯವ್ವಾ."

ತಿಪ್ಪವ್ವ ಪಟ್ ಅಂತ ಅವರ ಕೈಗೆ ಹೊಡೆದಳು. "ಅದು ಲಕ್ಕವ್ವನ ಪಾಲಿಂದು." ತಟ್ಟೆ ಮುಂದೆ ಸರಿಯಿತು. ಲಕ್ಕವ್ವ ಆ ಕಡ್ಡಿಯನ್ನು ಎತ್ತಿ ಗೌತಮ ಅವರ ಮುಖದ ಮುಂದೆ ಆಡಿಸಿ ಬುಟ್ಟಿಗೆ ಒಗೆದಳು. ಬಾಗಿಲಲ್ಲಿದ್ದವರು ನಕ್ಕರು.

"ಇಪ್ಪತ್ತೆರಡ ವರ್ಷ ನನ್ನ ಕೈಯಾಗ ಎಷ್ಟ ಕಡ್ಡಿ ತಪ್ಪ್ಯಾವೋ ನನಗ ಗೊತ್ತಿಲ್ಲ," ಅಂದಳು ತಿಪ್ಪವ್ವ. "ಮುಂದಿನಾಕಿ ತಗೀತಿದ್ಲು. ನಾ ಸಂಜೀಕ ಮನಿಗೆ ಬಂದು ನಿನಗ ರೊಟ್ಟಿ ಬಡೀತಿದ್ದೆ. ಎಲ್ಲಾ ನಾನ ತಗೀತೀನಿ ಅಂತ ಕುಂತಿದ್ರ ನೀ ಉಪಾಸ ಸಾಯ್ತಿದ್ದಿ."

ಗೌತಮ ತಲೆ ಎತ್ತದೆ ಮಾತಾಡಿದರು. ಶೆಡ್ಡಿನಲ್ಲಿ ಎಲ್ಲರಿಗೂ ಕೇಳಿಸಿತು. "ಬ್ಯಾರೇದವರ ಕೈ ತಪ್ಪಿದ್ರ ಕೈ ತಪ್ಪೈತಿ ಅಂತಾರ ಯವ್ವಾ. ನನ್ನ ಕೈ ತಪ್ಪಿದ್ರ, ಇಂಥಾವರಿಗೆ ಯಾಕ ಕೀಲಿ ಕೊಟ್ರಿ ಅಂತಾರ."

ನಗು ನಿಂತಿತು. ನಾನು ಬಸಗೊಂಡಪ್ಪನವರ ಕಡೆ ನೋಡಿದೆ, ಅವರು ಹೆಗಲ ವಸ್ತ್ರ ನೋಡಿಕೊಳ್ಳುತ್ತಿದ್ದರು. ಮೂರು ವರ್ಷದ ಹಿಂದೆ, ಗೌತಮ ಬಂದ ಮೊದಲ ವಾರ, ನನ್ನ ಇದೇ ಕಿಟಕಿಯ ಹೊರಗೆ ನಿಂತು ಅದೇ ಮಾತನ್ನು ಅಕ್ಷರಶಃ ಅಂದವರು ಅವರೇ. ನಾನು ಆಗ ಸುಮ್ಮನೆ ಚೀಟಿ ಹರಿದು ಕೊಟ್ಟಿದ್ದೆ. ಬಾಯಿ ಜೋರು ಅಂತ ಹೆಸರಾದ ನಾನು ಅವತ್ತು ಬಾಯಿ ತೆರೆಯಲಿಲ್ಲ. ಆ ನಾಚಿಕೆ ಶನಿವಾರ ನನ್ನ ಮುಖಕ್ಕೆ ಬಂತು.

ತಿಪ್ಪವ್ವ ಮಗನ ಕಡೆ ನೋಡಲಿಲ್ಲ. ಇನ್ನೊಂದು ತಟ್ಟೆ ಎಳೆದುಕೊಂಡಳು. "ಅಂದ್ರ ಅನ್ನಲಿ. ಮಂದಿ ಅಂದದ್ದೆಲ್ಲಾ ನಾ ಕೇಳಸಕೊಂಡಿದ್ರ ಎಂದೋ ಸಾಯ್ತಿದ್ದೆ. ನೀ ನಿನ್ನ ಪಾಲಿಂದು ಆರಸು, ಮುಂದ ಸರಸು."

ಆಗ ಬಸಗೊಂಡಪ್ಪ ಗಂಟಲು ಸರಿಮಾಡಿಕೊಂಡರು. "ತಿಪ್ಪವ್ವಾ, ಆ ಮಾತ ನಾನೂ ಅಂದೀನಿ," ಅಂದರು. ಅಷ್ಟು ದೊಡ್ಡ ದನಿಯ ಮನುಷ್ಯನ ಮಾತು ಬಾಗಿಲಿಂದ ಸಾಲಿನ ತನಕವೂ ಸರಿಯಾಗಿ ಮುಟ್ಟಲಿಲ್ಲ. "ಅನ್ನಬಾರದಿತ್ತು." ತಿಪ್ಪವ್ವ ಅವರನ್ನು ಒಂದು ಸಲ ನೋಡಿ, "ಬಾಗಲಾ ಹಾಕ್ರಿ ಎಲ್ಲಾರೂ. ಬಿಸಿ ಬರಾಕತ್ತೈತಿ," ಅಂದಳು. ಶಿವಶರಣಪ್ಪನವರೇ ಮುಂದೆ ಬಂದು ಶೆಡ್ಡಿನ ಬಾಗಿಲು ಎಳೆದರು.

ಹತ್ತು ನಿಮಿಷವಲ್ಲ, ಅರ್ಧ ಗಂಟೆ. ನಾವು ಹೊರಗೆ ಬಿಸಿಲಲ್ಲಿ ನಿಂತಿದ್ದೆವು. ಒಳಗಿನಿಂದ ತಟ್ಟೆ ಸರಿಯುವ ಸದ್ದು, ಬಳೆಯ ಸದ್ದು, ಒಂದೆರಡು ಸಲ ಲಕ್ಕವ್ವನ ಬೈಗುಳ, ಆಮೇಲೆ ಒಂದು ಗಂಡಸಿನ ನಗು. ಸುಗ್ಗಿ ಶುರುವಾದಾಗಿನಿಂದ ಕೇಳಿರಲಿಲ್ಲವಾದ್ದರಿಂದ ಅದು ಯಾರದೆಂದು ತಿಳಿಯಲು ನಮಗೆ ಸ್ವಲ್ಪ ಹೊತ್ತು ಹಿಡಿಯಿತು. ಡಾಕ್ಟರು ಒಬ್ಬರೇ ಒಳಗೆ ಹೋದರು. ಬಾಗಿಲು ಮತ್ತೆ ಮುಚ್ಚಿತು. ರಾಯಪ್ಪ ಸುಣ್ಣದ ಕಡ್ಡಿ ಹಿಡಿದು ಹಲಗೆಯ ಮುಂದೆ ನಿಂತಿದ್ದ.

ಡಾಕ್ಟರು ಹೊರಗೆ ಬಂದು ಪೆನ್ನಿಗೆ ಟೋಪಿ ಹಾಕಿ ಜೇಬಿಗಿಟ್ಟರು. "ನೂರಾ ನಲವತ್ತಾರು," ಅಂದರು.

ಆಮೇಲಿನದ್ದನ್ನು ಕ್ರಮವಾಗಿ ಹೇಳಲಾರೆ. ಯಾರೋ ಟ್ರ್ಯಾಕ್ಟರಿನಲ್ಲಿ ಹಾಡು ಹಚ್ಚಿದರು. ರಿಜ್ವಾನ ಟ್ರೇಲರಿನ ಮೇಲೆ ಕುಣಿದ. ಬಸಗೊಂಡಪ್ಪ ಡಾಕ್ಟರನ್ನು ಎತ್ತಲು ಹೋಗಿ ಸೊಂಟ ಹಿಡಿದುಕೊಂಡರು. ನಾನು ಕಿಟಕಿಯಲ್ಲಿದ್ದವಳು ಯಾವಾಗ ಹೊರಗೆ ಬಂದೆನೋ ತಿಳಿಯದು, ಕಟ್ಟೆಯ ಮೇಲೆ ಲಕ್ಕವ್ವನ ಕೈ ಹಿಡಿದು ಗಿರಗಿರ ತಿರುಗಿದ್ದು ನೆನಪಿದೆ, ಹಿಂದೆ ತೂಕದ ಅಂಕಿಗಳೂ ಹುಚ್ಚು ಹಿಡಿದು ಏರಿ ಇಳಿಯುತ್ತಿದ್ದವು. ಶಿವಶರಣಪ್ಪನವರು ಯಾರೂ ನೋಡದ ಹಾಗೆ ಮಷೀನನ್ನು ತಮ್ಮ ತೋಳಿಗೆ ಕಟ್ಟಿಕೊಂಡು, 170 ನೋಡಿ, ತಮ್ಮಷ್ಟಕ್ಕೆ ನಕ್ಕರು.

ಸಂಜೆ ನಾಲ್ಕಕ್ಕೆ ಗೌತಮ ನನ್ನ ಕಿಟಕಿಗೆ ಬಂದರು. ಕೀಲಿಗೊಂಚಲು ತೆಗೆದು, ಮಷೀನು ಮನೆಯ ಕೀಲಿ ಬಿಡಿಸಿ ರಾಯಪ್ಪನಿಗೆ ಕೊಟ್ಟರು, ಚಹಾಪುಡಿಯದನ್ನು ಲಕ್ಕವ್ವನಿಗೆ ಕೊಟ್ಟರು. ಉಳಿದದ್ದನ್ನು ನನ್ನ ಕಿಟಕಿಯೊಳಗೆ ಇಟ್ಟರು. "ಸೋಮವಾರ ತನಕ," ಅಂದರು. ನಾನು ಗೋಡೆಯ ಮೊಳೆಗೆ ತೂಗು ಹಾಕಿದೆ.

ಸ್ಕೂಟರು ಕಟ್ಟೆಯ ಮೇಲೆ ಬಂದು ನಿಂತಿತು. ಹಿಂದೆ ತಿಪ್ಪವ್ವ, ಸೆರಗು ಬಿಗಿ ಹಿಡಿದು, ಮುಂದಿನ ಗೇಟಿನ ಕಡೆ ಮುಖ ಮಾಡಿ ಕೂತಿದ್ದಳು. ಕಟ್ಟೆ ಇನ್ನೂರಾ ಮೂವತ್ತು ತೋರಿಸಿತು. ನಾನು ಚೀಟಿ ಹರಿದು ಅವಳ ಕೈಗೆ ಕೊಟ್ಟೆ. "ಇದೇನು ಬೇ?" ಅಂತ ಕೇಳಿದಳು. "ಮುಂದಿನ ಗೇಟಿನಿಂದ ಹೋಗೂರಿಗೆ ಕೊಡೂದೈತಿ," ಅಂದೆ. ಅದನ್ನು ಮಡಚಿ ಎಲೆ ಅಡಿಕೆಯ ಚೀಲದಲ್ಲಿ ಇಟ್ಟುಕೊಂಡಳು. ಗೇಟು ದಾಟುವಾಗ ಗೌತಮ ಅವರ ಕೈ ಒಮ್ಮೆ ಜೇಬಿಗೆ ಹೋಯಿತು, ಖಾಲಿ ಜೇಬು ಮುಟ್ಟಿ, ಮತ್ತೆ ಹ್ಯಾಂಡಲಿಗೆ ಬಂತು.

ಅವರು ರಸ್ತೆಗೆ ಇಳಿದದ್ದೇ ತಡ, ನನ್ನ ಮೇಜಿನ ಮೇಲೆ ಅವರ ಫೋನು ಹೊಡೆದುಕೊಂಡಿತು. ಮಾಲೀಕರು.

"ಗೌತಮ ಎಲ್ಲಿ ಅದಾನ?"

"ಮನಿಗಿ ಹೋಗ್ಯಾರ್ರಿ."

"ಹೌದಾ," ಅಂದರು. "ಏನಿಲ್ಲ ಬಿಡು. ಸೋಮವಾರ ಹತ್ತಕ್ಕ ಮಾಡತೀನಿ."